ಬಂಡೆಯ ಸಂದಿನಿಂದ ಕಂಡ ಮುಖ

ದೊಡ್ಡಮಳೂರು
ಶನಿವಾರ ಮಧ್ಯಾಹ್ನ

ಮುದ್ದಿನ ಮಗಳು ಭಾನುಪ್ರಿಯಳಿಗೆ ನಿನ್ನವ್ವ ಕಾವೇರಮ್ಮನ ಆಶೀರ್ವಾದ, ಜೊತೆಗೆ ಒಸಿ ಬೈಗುಳ.

ನಾವಿಲ್ಲಿ ಕ್ಷೇಮ. ನೀನಲ್ಲಿ ಕ್ಷೇಮವಾಗಿಲ್ಲ ಎನ್ನುವುದು ನನಗೆ ಗೊತ್ತು, ಆದ್ದರಿಂದ ಆ ಸಾಲನ್ನು ಬರೆಯುವುದಿಲ್ಲ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ "ಆಮೇಲ್ ಮಾತಾಡ್ತೀನಿ ಕಣವ್ವ" ಎಂದು ಇಟ್ಟುಬಿಡುತ್ತೀಯ. ಆ ಆಮೇಲೆ ಇನ್ನೂ ಬಂದಿಲ್ಲ. ಕಾಗದವನ್ನು ನಡುವೆ ಕಟ್ ಮಾಡಲು ಆಗುವುದಿಲ್ಲವಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಇದನ್ನು ನಿಮ್ಮ ಶಿಬಿರದ ಅನಂತರಾಜು ಮೇಷ್ಟ್ರ ಕೈಯಿಂದಲೇ ನಿನಗೆ ಕೊಡಿಸುತ್ತೇನೆ. ಮಣ್ಣಿನಡಿ, ಕಲ್ಲಿನಡಿ ಸಿಕ್ಕಿಕೊಂಡವರನ್ನು ಹುಡುಕುವ ವಿದ್ಯೆಯನ್ನು ನಾಯಿಗೂ ನಾಯಿ ನಡೆಸುವವರಿಗೂ ಒಟ್ಟಿಗೇ ಕಲಿಸುವ ಮನುಷ್ಯ ಅವರು. ನೀನು ಓದಿ ಮುಗಿಸುವ ತನಕ ಎದುರಿಗೇ ಕೂತಿರುತ್ತಾರೆ.

ಸೋಮವಾರ ನೀನು ನಿನ್ನ ನಾಯಿ ಪುಟ್ಟಿಯ ಬೆಲ್ಟನ್ನು ಜೊತೆಯಲ್ಲಿ ಕಲಿಯುವ ಜಯಕುಮಾರನ ಕೈಗೆ ಕೊಟ್ಟು ಶಿಬಿರ ಬಿಡುತ್ತೀಯಂತೆ. ಮೇಷ್ಟ್ರೇ ಹೇಳಿದರು. ಜಯಕುಮಾರ ಒಳ್ಳೆಯ ಹುಡುಗ, ಅವನ ಮೇಲೆ ನನಗೇನೂ ಬೇಸರವಿಲ್ಲ. ಆದರೆ ಅವನು ಕರೆದರೆ ಪುಟ್ಟಿ ಬರುತ್ತಾಳೆ, ನೀನು ಕರೆಯದಿದ್ದರೂ ಬರುತ್ತಾಳೆ. ಅಷ್ಟೇ ನನ್ನ ತಕರಾರು. ಉಳಿದದ್ದೆಲ್ಲ ಅದರ ವಿವರಣೆ, ಸಮಾಧಾನವಾಗಿ ಓದು.

ಈ ಮಾತನ್ನು ನಾನು ಹೇಳುತ್ತಿರುವುದು ನಿನಗೆ ನಗು ತರಿಸಬಹುದು. ಪುಟ್ಟಿ ನಮ್ಮ ಹೊಸಲು ತುಳಿಯಬಾರದು ಎಂದವಳೇ ನಾನು. ಮೊದಲಿಗೆ ಆ ಹೆಸರಿಗೇ ನನಗೆ ಕೋಪ. ಹುಟ್ಟಿದಂದಿನಿಂದ ನಿನ್ನನ್ನು ಪುಟ್ಟಿ ಎಂದು ಕರೆದೆ. ನೀನು ಹೋಗಿ ಆ ಹೆಸರನ್ನು ಒಂದು ಕಪ್ಪು ನಾಯಿಮರಿಗೆ ಕೊಟ್ಟು ಬಂದೆ. ಅದೂ ಹೋಗಲಿ ಎಂದರೆ, ಮನೆಗೆ ಕರೆತರುವಾಗ ರಕ್ತ ಹೀರುವ ಉಣ್ಣೆ ಹತ್ತದಿರಲಿ ಎಂದು ಅವಳ ಮೈಗೆಲ್ಲ ಔಷಧಿ ಪುಡಿ ತಿಕ್ಕಿಕೊಂಡೇ ಕರೆತಂದೆ. ಪಕ್ಕದ ಹೊಲದವರು ಟೊಮ್ಯಾಟೊಗೆ ಔಷಧಿ ಹೊಡೆದರೆ ರೇಷ್ಮೆ ಸೊಪ್ಪಿಗೆ ತಾಗುತ್ತದೆಂದು ಜಗಳಕ್ಕೆ ನಿಲ್ಲುವ ಮನೆ ನಮ್ಮದು. ಇಂಥ ಮನೆಯಲ್ಲಿ ಹುಟ್ಟಿದವಳಿಗೆ ಅದು ಹೊಳೆಯಲಿಲ್ಲ. ಪುಟ್ಟಿ ರೇಷ್ಮೆ ಹುಳುಮನೆಯ ಬಾಗಿಲಲ್ಲಿ ನಿಂತು ಒಂದು ಸಲ ಮೈ ಕೊಡವಿದಳು. ಸಂಜೆಯ ಹೊತ್ತಿಗೆ ಬಾಗಿಲ ಕಡೆಯ ತಟ್ಟೆಗಳಲ್ಲಿದ್ದ ಹುಳುಗಳೆಲ್ಲ ಹಸಿರು ನೀರು ಕಕ್ಕಿ ಸುರುಟಿಕೊಂಡವು. ನಾನು ಕಿರುಚಾಡಿದ್ದು ಊರಿಗೆಲ್ಲ ಕೇಳಿಸಿತು. ಕಾವೇರಮ್ಮನಿಗೆ ನಾಯಿ ಎಂದರೆ ಮೈಲಿಗೆ ಎಂದುಕೊಂಡರು ಜನ. ಅಂದುಕೊಳ್ಳಲಿ ಬಿಡು. ಹುಳು ಸಾಯುವುದನ್ನು ನೋಡುವ ಸಂಕಟ ಸಾಕಿದವರಿಗೇ ಗೊತ್ತು.

ಅಂಥವಳು ಯುಗಾದಿಯ ಮಾರನೆಯ ದಿನ ಒಬ್ಬಟ್ಟಿನ ಡಬ್ಬಿ ಹಿಡಿದು ರಾಮನಗರದ ನಿಮ್ಮ ಶಿಬಿರಕ್ಕೆ ಬಂದೆನಲ್ಲ, ಮೊದಲು ಕಂಡದ್ದು ಏನು ಗೊತ್ತಾ? ಆನೆಯಂಥ ಆಳು ಚೆಲುವಯ್ಯ ನೆಲದ ಮೇಲೆ ಮಂಡಿಯೂರಿ ಒಂದು ನಾಯಿಗೆ "ಅಯ್ಯೋ ನನ್ ಬಂಗಾರಿ, ನನ್ ಚಿನ್ನಾರಿ" ಎಂದು ಎಳೆಗೂಸಿನ ದನಿಯಲ್ಲಿ ಲಲ್ಲೆ ಹೊಡೆಯುತ್ತಿದ್ದ. ಇವರಿಗೆಲ್ಲ ಯಾರೋ ಮದ್ದು ಹಾಕಿದ್ದಾರೆ ಎಂದುಕೊಂಡೆ. ಮೇಷ್ಟ್ರು ಒಬ್ಬಟ್ಟು ತಿನ್ನುತ್ತಾ ಕೇಳಿದರು, "ಒಂದ್ ಉಪ್ಕಾರ ಮಾಡ್ಬೇಕಲ್ಲ ಕಾವೇರಮ್ಮೋರೆ. ಇಲ್ಲಿರೋರ್ ವಾಸ್ನೆ ಎಲ್ಲಾ ನಾಯ್ಗೂ ಬಾಯ್ಪಾಠ ಆಗೋಗೈತೆ. ಹೊಸಬ್ರು ಬೇಕು. ಭಾನುಗೆ ಗೊತ್ತಾಗ್ದಂಗೆ ಬಂಡೆ ಸಂದೀಲಿ ಒಸಿ ಹೊತ್ತು ಕೂತ್ಕೋತೀರಾ?"

ಅವರು ನನ್ನ ಕೈಗೆ ಪುಟ್ಟಿಯ ಗಂಟಿನ ಹಗ್ಗ ಕೊಟ್ಟರು. ಚನ್ನಪಟ್ಟಣದ ನಿನ್ನ ಗೆಳತಿ ಅಸ್ರಾ ಗೊಂಬೆಯ ಮರದಿಂದ ಹಿಡಿ ಕಡೆದುಕೊಟ್ಟಿದ್ದಳಲ್ಲ, ಅದೇ. ಅಡಗಿದವರ ಕೈಯಲ್ಲೇ ಹಗ್ಗವಿರಬೇಕು, ಸಿಕ್ಕ ಮನುಷ್ಯನೇ ನಾಯಿಯ ಜೊತೆ ಎಳೆದಾಡಿ ಆಡಬೇಕು, ಅದೇ ಅದಕ್ಕೆ ಸಂಬಳ ಎಂದರು. ಇನ್ನೊಂದು ಕಟ್ಟುನಿಟ್ಟು: ಹೊರಗಿನಿಂದ ಯಾರು ಕೂಗಿದರೂ ಓಗೊಡಬಾರದು. ನಿಜವಾಗಿ ಕಲ್ಲಿನಡಿ ಬಿದ್ದವರಿಗೆ ಓಗೊಡಲು ಎಲ್ಲಿ ಶಕ್ತಿ ಇರುತ್ತದೆ ಎಂದು ಕೇಳಿದರು.

ನಾನು ಬಂಡೆಯ ಹಿಂಭಾಗದಿಂದ ತೆವಳಿಕೊಂಡು ಒಳಗೆ ಹೋದೆ. ನಮ್ಮೂರ ಅಂಬೆಗಾಲು ಕೃಷ್ಣ ನೋಡಿದ್ದರೆ ಬೆಣ್ಣೆ ಬಿಟ್ಟು ನಕ್ಕಿರುತ್ತಿದ್ದ. ಒಳಗೆ ಕತ್ತಲು, ಸೊಂಟಕ್ಕೆ ಕಲ್ಲು, ಕಾಲ ಮೇಲೆ ಇರುವೆ. ಆಟ ಎಂದು ಗೊತ್ತಿದ್ದರೂ ಸ್ವಲ್ಪ ಹೊತ್ತಿಗೆ ಇಲ್ಲದ ಯೋಚನೆಗಳು ಶುರುವಾದವು. ಮೇಷ್ಟ್ರು ಮರೆತುಬಿಟ್ಟರೆ ಏನು ಗತಿ? ಒಬ್ಬಟ್ಟು ತಿಂದು ಮಲಗಿಬಿಟ್ಟರೆ? ಆಗ ಮೇಲುಗಡೆ ಉಸಿರಿನ ಸದ್ದು ಕೇಳಿತು, ಆಮೇಲೆ ಪುಟ್ಟಿಯ ಬೊಗಳು.

ನಿನ್ನ ಹೆಜ್ಜೆ ಬಂತು. ನಿನ್ನ ಕಡೆಯಿಂದ ನೋಡಿದರೆ ಅದು ಕೈ ತೂರುವಷ್ಟು ಸಂದು, ಅದರಲ್ಲಿ ಮನುಷ್ಯರು ಹೇಗೆ ಇರಲು ಸಾಧ್ಯ? ನೀನು ಹೇಳಿದ್ದು ನನಗೆ ಚೆನ್ನಾಗಿ ಕೇಳಿಸಿತು. "ಬಾ ಪುಟ್ಟಿ, ಅಲ್ ಯಾರೂ ಇಲ್ಲ ಕಣೆ. ಮೇಲ್ಗಡೆ ನೋಡಾನ ಬಾ." ಅಯ್ಯೋ ಇಲ್ಲಿದ್ದೀನಿ ಎಂದು ಕೂಗಬೇಕೆನ್ನಿಸಿ ಸೆರಗನ್ನು ಬಾಯಿಗೆ ತುರುಕಿಕೊಂಡೆ. ಪುಟ್ಟಿ ಕದಲಲಿಲ್ಲ. ನೀನು ಮತ್ತೆ ಕರೆದೆ, ಅವಳು ಮತ್ತೆ ಬೊಗಳಿದಳು. ಕೊನೆಗೆ ನೀನು ಅಂದೆ, "ಆಯ್ತು ತಾಯಿ. ನೀನ್ ಹೇಳ್ದಂಗೇ ಆಗ್ಲಿ." ಹಾಗೆಂದು ಹೊಟ್ಟೆಯ ಮೇಲೆ ಮಲಗಿ ಸಂದಿನೊಳಗೆ ಟಾರ್ಚ್ ಬಿಟ್ಟು ಇಣುಕಿದೆ. ತಲೆಕೆಳಗಾದ ನಿನ್ನ ಮುಖ, ಕೆನ್ನೆಗೆಲ್ಲ ಮಣ್ಣು. ನಿನ್ನನ್ನು ಹೆತ್ತಾಗಲೂ ಆ ಮುಖ ನನಗೆ ಅಷ್ಟು ಚೆನ್ನಾಗಿ ಕಾಣಲಿಲ್ಲ ಮಗಳೇ.

ನೀನು "ಅವ್ವಾ?" ಎಂದೆ. ನಾನು ಅಳುತ್ತಾ ಕೂತೆ. ನೀನು ಅಲ್ಲಿಂದಲೇ ಗದರಿದೆ, "ಅಳಾದು ಆಮೇಲೆ, ಮೊದ್ಲು ಅವಳ್ಗೆ ಹಗ್ಗ ಕೊಡವ್ವ, ಹೊಗಳವ್ವ ಅವಳ್ನ!" ಆಮೇಲೆ ಹಿಂಭಾಗದಿಂದ ಹೊರಗೆ ತೆವಳಿ ನಾನೂ ಚೆಲುವಯ್ಯನಿಗಿಂತ ಒಂದು ಕೈ ಮೇಲಾಗಿಯೇ ಲಲ್ಲೆ ಹೊಡೆದೆ. ಅವಳು ನನ್ನ ಮುಖ ನೆಕ್ಕಿ, ಹಗ್ಗ ಎಳೆದು, ಬಾಲದಿಂದ ನನ್ನ ಬಳೆ ಸದ್ದು ಮಾಡಿಸಿದಳು. ಇಷ್ಟು ವರ್ಷದ ಬಾಳಿನಲ್ಲಿ ನಾನು ಸಿಕ್ಕೆ ಎನ್ನುವುದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ನೋಡಿಲ್ಲ.

ಆವತ್ತು ನೀನು ಮಾಡಿದ್ದು ದೊಡ್ಡದು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಯಾರಾದರೂ ಆಡಿಕೊಂಡರೂ ಸರಿ, ಬರೆದೇ ತೀರುತ್ತೇನೆ. ನಿನ್ನ ಕಣ್ಣು ಇಲ್ಲ ಎಂದಿತು, ನಾಯಿ ಉಂಟು ಎಂದಿತು, ನೀನು ನಾಯಿಯ ಮಾತಿಗೆ ಹೊಟ್ಟೆ ಮೇಲೆ ಮಲಗಿದೆ. ನಿಮ್ಮಪ್ಪ ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ನನ್ನ ಮಾತಿಗೆ ಹಾಗೆ ನಿಂತಿದ್ದರೆ ನಾನು ಊರಿಗೆಲ್ಲ ಪಾಯಸ ಹಂಚುತ್ತಿದ್ದೆ.

ಈಗ ನೀನೂ ಪುಟ್ಟಿಯೂ ಹುಡುಕಲು ಹೋಗಿದ್ದ ಆ ಗುಡ್ಡ ಕುಸಿದ ಊರಿನ ಮಾತು. ನೀನು ಅದನ್ನು ಎತ್ತಬೇಡ ಎನ್ನುತ್ತೀಯ, ಆದರೂ ಎತ್ತುತ್ತೇನೆ. ಅಲ್ಲಿಂದ ಬಂದ ದಿನ ನೀನು ಒಂದೇ ಸಲ ಬಾಯಿ ಬಿಟ್ಟೆ. "ಒಬ್ರೂ ಸಿಗ್ಲಿಲ್ಲ ಕಣವ್ವ, ಉಸ್ರಿದ್ದೋರು ಒಬ್ರೂ ಸಿಗ್ಲಿಲ್ಲ." ಪುಟ್ಟಿ ಅಂಗಾಲು ಒಡೆದು ರಕ್ತ ಬಂದರೂ ಹುಡುಕಿದಳಂತೆ. ಅಲ್ಲಿ ಒಬ್ಬ ಹೆಂಗಸು, ಮಗನನ್ನು ಕಳೆದುಕೊಂಡವಳು, ಹೊರಡುವಾಗ ಬಿಸಿನೀರು ತಂದು ಪುಟ್ಟಿಯ ಕಾಲುಗಳ ಕೆಸರನ್ನು ತೊಳೆದಳಂತೆ. "ಅವಳ್ ಮುಖ ನೋಡಕ್ಕಾಗ್ಲಿಲ್ಲ, ನಮ್ಮಿಂದ ಏನೂ ಆಗ್ಲಿಲ್ಲ ಅಂತ ಗೊತ್ತಿದ್ರೂ ತೊಳುದ್ಲು" ಎಂದು ನೀನು ಬಿಕ್ಕಿದೆ.

ನಾನು ಆ ಹೆಂಗಸನ್ನು ಕಂಡಿಲ್ಲ. ಆದರೂ ಅವಳ ಮನಸ್ಸು ನಿನಗಿಂತ ನನಗೆ ಚೆನ್ನಾಗಿ ಗೊತ್ತು. ಏನೂ ಆಗಲಿಲ್ಲ ಎಂದು ಅನ್ನಿಸಿದ್ದರೆ ಅವಳು ಒಲೆ ಹಚ್ಚಿ ನೀರು ಕಾಯಿಸುತ್ತಿರಲಿಲ್ಲ. ತನ್ನ ಮಗ ಮಣ್ಣಿನಡಿ ಇದ್ದಾಗ ಅವನಿಗಾಗಿ ಯಾರೋ ಕಾಲು ಒಡೆದುಕೊಂಡು ಹುಡುಕಿದರು ಎನ್ನುವುದಷ್ಟೇ ಅವಳಿಗೆ ಉಳಿದದ್ದು. ಆ ಕಾಲನ್ನು ಅವಳು ತೊಳೆದಳು. ನಾನಾಗಿದ್ದರೂ ತೊಳೆಯುತ್ತಿದ್ದೆ. ಅದನ್ನು ನೀನು ನಿನ್ನ ಸೋಲೆಂದು ಮನೆಗೆ ಹೊತ್ತು ತಂದೆಯಲ್ಲ ಹುಚ್ಚಿ.

ಇನ್ನು ಪುಟ್ಟಿಯ ವಿಚಾರ. ಅವಳು ಅನ್ನ ಮೂಸಿ ಬಿಡುತ್ತಾಳೆ, ಹಗ್ಗ ಕಂಡರೆ ಮುಖ ತಿರುಗಿಸುತ್ತಾಳೆ, ಅವಳಿಗೆ ಈ ಕೆಲಸ ಸಾಕಾಗಿದೆ ಎಂದು ನೀನು ತೀರ್ಮಾನ ಮಾಡಿದ್ದೀಯಂತೆ. ಹುಡುಕಿ ಹುಡುಕಿ ಯಾರೂ ಸಿಗದಿದ್ದರೆ ನಾಯಿ ಸೊರಗುತ್ತದೆ, ಅದಕ್ಕೇ ವಾಪಸು ಬಂದ ಮೇಲೆ ತಮ್ಮವರನ್ನೇ ಒಬ್ಬರನ್ನು ಅಡಗಿಸಿ ಹುಡುಕಿಸುವುದು ನಿಮ್ಮ ಪದ್ಧತಿ ಎಂದು ಮೇಷ್ಟ್ರು ವಿವರಿಸಿದರು. ಬೇರೆ ನಾಯಿಗಳೆಲ್ಲ ಹಾಗೆ ಸಿಕ್ಕವರ ಜೊತೆ ಕುಣಿದಾಡಿ ಚೇತರಿಸಿಕೊಂಡವಂತೆ. ಪುಟ್ಟಿ ಮಾತ್ರ ಟ್ರ್ಯಾಕ್ಟರ್ ಹಿಂದೆ ಅಡಗಿದ್ದ ಜಯಕುಮಾರನ ಹತ್ತಿರ ನೆಟ್ಟಗೆ ಹೋಗಿ, ಒಂದು ಸಲ ನೋಡಿ, ಸುಮ್ಮನೆ ಮಲಗಿದಳಂತೆ. ಏಕೆಂದರೆ ಅವನನ್ನು ಅಲ್ಲಿ ಕೂರಿಸಿದವಳು ನೀನೇ. "ಅವ್ಳು ಗಾಳೀಲಿ ವಾಸ್ನೆ ಹಿಡೀಲೇ ಇಲ್ಲ ಕಾವೇರಮ್ಮೋರೆ, ಭಾನು ಕಾಲ್ ನೋಡ್ಕೊಂಡೋದ್ಲು" ಎಂದರು ಮೇಷ್ಟ್ರು. ಜಾಗ ಗೊತ್ತಿರುವವರ ಕಾಲು ಆ ಕಡೆಗೇ ತಿರುಗಿರುತ್ತದಂತೆ. ನಿನ್ನ ಮನಸ್ಸು ಅಲ್ಲಿರಲಿಲ್ಲ, ಬೇಗ ಮುಗಿದರೆ ಸಾಕು ಎಂದು ಮಾಡಿದೆ. ಸಂತೆಯಲ್ಲಿ ಮಗುವಿಗೆ ಖಾಲಿ ಪೊಟ್ಟಣ ಕೊಟ್ಟ ಹಾಗಾಯಿತು.

ಹುಳು ಜ್ವರಕ್ಕೆ ಕೂರುವುದನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯ. ಸೊಪ್ಪು ಮುಟ್ಟುವುದಿಲ್ಲ, ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ತಿಳಿಯದವರು ಬೆಳೆ ಹೋಯಿತು ಎನ್ನುತ್ತಾರೆ. ಅದು ಹಳೆಯ ಚರ್ಮ ಬಿಡುತ್ತಿರುತ್ತದೆ ಅಷ್ಟೇ. ಆದರೆ ಎದ್ದ ಹುಳುವಿಗೆ ಸೊಪ್ಪು ತಡವಾಗಬಾರದು, ಒಣಗಿದ್ದನ್ನೂ ಹಾಕಬಾರದು. ಪುಟ್ಟಿ ಎದ್ದಿದ್ದಾಳೆ ಭಾನು. ಅವಳಿಗೆ ಹಸಿ ಸೊಪ್ಪು ಬೇಕು, ಹುಡುಕಿದರೆ ನಿಜಕ್ಕೂ ಸಿಗುವ ಒಂದು ಜೀವ ಬೇಕು. ನಿನಗೂ ಅದೇ ಬೇಕು ಎಂದು ನನ್ನ ಅನಿಸಿಕೆ. ತಾಯಂತೆ ಮಗಳು, ನೂಲಿನಂತೆ ಸೀರೆ ಎನ್ನುತ್ತಾರೆ. ನಿನ್ನ ಹಟ ನನ್ನದೇ, ಹಾಗಾಗಿ ಅದನ್ನು ಹೇಗೆ ಮುರಿಯಬೇಕು ಎನ್ನುವುದೂ ನನಗೆ ತಿಳಿದಿದೆ.

ಈ ಸಲ ನಾವು ಸಾಕಲು ಚಾಕಿಯ ಮರಿಹುಳು ತಂದಿಲ್ಲ. ನಿಮ್ಮಪ್ಪ ಮುನಿರಾಮಯ್ಯನವರು ಗೊಣಗಿದರು, "ಮಾರ್ಕೆಟ್ಟಲ್ಲಿ ರೇಷ್ಮೆ ಗೂಡಿಗೆ ರೇಟ್ ಇರುವಾಗ್ಲೇ ಬೆಳೆ ಬುಡ್ತೀಯಲ್ಲ" ಎಂದು. ಗೊಣಗಿಕೊಂಡೇ ಸೊಪ್ಪನ್ನು ಪಕ್ಕದವರಿಗೆ ಕೊಟ್ಟು ಬಂದರು. ಹುಳುಮನೆ ತೊಳೆದಿದೆ, ಕಿಟಕಿ ತೆಗೆದಿದೆ, ಬಾಗಿಲ ಬಳಿ ಹಳೆಯ ಕಂಬಳಿ ಹಾಸಿದೆ. ಪುಟ್ಟಿ ಎಷ್ಟು ಬೇಕಾದರೂ ಮೈ ಕೊಡವಲಿ. ನೀನೂ ಅವಳೂ ನಾಲ್ಕು ದಿನ ಇದ್ದು, ಮುದ್ದೆ ಉಂಡು, ಅಂಗಾಲು ಮಾಗಿಸಿಕೊಂಡು ಹೋಗಿ. ಹೋಗುವುದು ಶಿಬಿರಕ್ಕೇ ಆಗಲಿ ಎಂದು ನನ್ನ ಆಸೆ.

ಬೆಲ್ಟು ನಿನ್ನ ಕೈಯಲ್ಲೇ ಇರಲಿ ಮಗಳೇ.

ನಿನ್ನನ್ನು ನೆನೆಯುತ್ತಾ, ನಿನ್ನ ಮೇಲೆ ಸಿಟ್ಟಾಗಿಯೂ ಇರುವ
ನಿನ್ನವ್ವ
ಕಾವೇರಮ್ಮ

ಮರೆತ ಮಾತು: ಇದನ್ನು ಭಾನುವಾರ ಬೆಳಗ್ಗೆ ಬೆಟ್ಟದ ಬುಡದಲ್ಲಿ, ಮೇಷ್ಟ್ರ ಜೀಪಿನ ಮೇಲೆ ಕಾಗದವಿಟ್ಟು ಬರೆಯುತ್ತಿದ್ದೇನೆ. ಪುಟ್ಟಿಯ ಗಂಟಿನ ಹಗ್ಗ ಕಾಣುತ್ತಿಲ್ಲ ಎಂದು ಅವಳ ಗೂಡೆಲ್ಲ ಜಾಲಾಡಬೇಡ, ಅದು ನನ್ನ ಮಡಿಲಲ್ಲಿದೆ. ನೀನು ಈ ಸಾಲು ಓದುವ ಹೊತ್ತಿಗೆ ನಾನು ಯಾವುದೋ ಒಂದು ಬಂಡೆಯ ಸಂದಿನಲ್ಲಿ ಕೂತಾಗಿರುತ್ತದೆ. ಫೋನನ್ನು ಹುಳುಮನೆಯ ಗೋಡೆಯ ಗೂಡಿನಲ್ಲಿಟ್ಟು ಬಂದಿದ್ದೇನೆ. ನೀರಿದೆ, ಎರಡು ರೊಟ್ಟಿ ಇದೆ. ಕರಡಿ ಬಂದರೆ ಏನು ಮಾಡಲಿ ಎಂದು ಕೇಳಿದ್ದಕ್ಕೆ ಮೇಷ್ಟ್ರು "ನಂಗೆ ಜಾಗ ಗೊತ್ತು, ನಮ್ ಹುಡುಗ್ರು ದೂರದಿಂದ ಕಣ್ಣಿಟ್ಟಿರ್ತಾರೆ. ಆದ್ರೂ ಕರಡಿಗಿಂತ ಮೊದ್ಲು ಪುಟ್ಟೀನೇ ಬತ್ತಾಳೆ ಬುಡಿ" ಎಂದರು. ಜಾಗ ಮಾತ್ರ ನಿನಗೆ ಹೇಳುವುದಿಲ್ಲವಂತೆ, ಆದ್ದರಿಂದ ನಿನ್ನ ಕಾಲು ನೋಡಿ ಈ ಸಲ ಪುಟ್ಟಿಗೆ ಏನೂ ತಿಳಿಯುವುದಿಲ್ಲ. ಬೆಳಗಿನ ತಣ್ಣನೆ ಗಾಳಿ ಬಂಡೆಯ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ ಎಂದು ನೀನೇ ಹೇಳಿದ್ದೆ, ಬಿಸಿಲೇರುವ ಮೊದಲೇ ಹೊರಡು. ನನ್ನ ಮಂಡಿಗೆ ಬಹಳ ಹೊತ್ತು ಮಡಚಿ ಕೂರುವ ಶಕ್ತಿ ಇಲ್ಲ. ನೀನು ಅವ್ವಾ ಎಂದು ಎಷ್ಟು ಕೂಗಿದರೂ ಓಗೊಡುವುದಿಲ್ಲ, ಪುಟ್ಟಿಯನ್ನು ಬಿಟ್ಟು ಒಬ್ಬಳೇ ಬಂದರೆ ನಾನು ನಿನಗೆ ಸಿಗುವುದೂ ಇಲ್ಲ.