ಮೂರು ಕಂಬ ಓಟ, ಒಂದು ಕಂಬ ನಡಿಗೆ

ಶಹಾಬಾದ
ಮಂಗಳವಾರ, ೨೮ ಜನವರಿ ೨೦೨೫

ಪ್ರೀತಿಯ ಗೆಳೆಯ ವಿಠೋಬಾನಿಗೆ,

ಗುರುಲಿಂಗಯ್ಯ ಮಾಡುವ ಶರಣು, ಮತ್ತ ಜೈಭೀಮ. ಮೂವತ್ತನಾಲ್ಕು ವರ್ಷದಾಗ ಈ ಎರಡನೇ ಮಾತು ನಾನಾಗಿ ಮೊದಲು ಅಂದದ್ದು ಇವತ್ತೇ. ನೀ ಅಂದಾಗ ತಲಿ ಅಲ್ಲಾಡಿಸಿ ಮುಂದ ಹೋಗ್ತಿದ್ದೆ.

ಒಂಬತ್ತು ದಿನ ಆತು. ನಾ ಹಚ್ಚಿದ ಫೋನು ಬಡಕೊಂಡು ಬಡಕೊಂಡು ತಾನೇ ಸುಮ್ಮನಾಗ್ತದ. ಮೊನ್ನೆ ಮುಂಜಾನೆ ನಿನ್ನ ಮಗಳು ಲುಂಬಿನಿ ಎತ್ತಿ, ಪಪ್ಪಾ ಜಳಕಕ್ಕ ಹೋಗ್ಯಾರ್ರಿ ಕಾಕಾ ಅಂದ್ಲು. ಸಂಜಿಗೆ ಮತ್ತ ಹಚ್ಚಿದೆ, ಆಗೂ ನೀ ಜಳಕಕ್ಕೇ ಹೋಗಿದ್ದಿ. ಜನವರಿ ಥಂಡಿಯಾಗ ದಿನಕ್ಕ ಎರಡು ಜಳಕ ಮಾಡೋ ಮನುಷ್ಯ ಅಲ್ಲ ನೀ. ಆ ಹುಡುಗಿಗೆ ಸುಳ್ಳು ಹೇಳಲಿಕ್ಕ ಬರಂಗಿಲ್ಲ, ಆಕೀ ಕಡೆಯಿಂದ ಇನ್ನ ಹೇಳಿಸಬ್ಯಾಡ. ಕಾಗದ ಬರೆದ್ರ ಮೂಲ್ಯಾಗ ಬಿದ್ದಿರ್ತದ, ನಿನ್ನ ಮನಸ್ಸು ಬಂದಾಗ ಚಸ್ಮಾ ಹಾಕ್ಕೊಂಡು ಓದಬಹುದು ಅಂತ ಚಿಂಚೋಳಿಗೆ, ಲುಂಬಿನಿ ಮನಿ ವಿಳಾಸಕ್ಕ ಬರಿಲಿಕತ್ತೀನಿ.

ಮೊದಲು ವಿತ್ ಡ್ಯೂ ರಿಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ಅಂತ ಶುರು ಮಾಡಿದ್ದೆ. ಒಂದು ಹಾಳಿ ಹೋಯ್ತು. ಗುಲಬರ್ಗಾ ಕಾಲೇಜಿನಾಗ ಕಲಿತ ನನ್ನ ಇಂಗ್ಲಿಷು ರಜಾ ಕೇಳಲಿಕ್ಕ ಉಪಯೋಗಕ್ಕ ಬರ್ತದ, ಇಂಥಾ ಕಾಗದಕ್ಕ ಬರಂಗಿಲ್ಲ. ರಿಗ್ರೆಟ್ ಅಂತ ಒಂದದ, ರಿಮೋರ್ಸ್ ಅಂತ ಒಂದದ. ಎರಡೂ ಬಾಯಿಪಾಠ ಮಾಡಿದ್ದೆ. ಈಗ ಯಾವುದು ಹಗೂರ, ಯಾವುದು ಭಾರ ನೆನಪಾಗವಲ್ಲದು.

ಸೇಡಂ ಓಟದ ಮಾತಿಗೆ ಬರ್ತೀನಿ. ಅಲ್ಲಿಂದ ನೀ ಶಹಾಬಾದಕ್ಕ ಹೊಳ್ಳಿ ಬರದೇ ಮಗಳ ಊರಿಗೆ ಹೋಗಿಬಿಟ್ಟಿ.

ನನಗ ಓಡೋ ಹುಚ್ಚು ಹಳೇದು, ಕಾಲೇಜಿನಾಗ ಹದಿನೈದು ನೂರು ಮೀಟರಿನಾಗ ಎರಡನೇದವ ಬಂದ ಸರ್ಟಿಫಿಕೇಟು ಇನ್ನೂ ಗ್ವಾಡಿಗೆ ಅದ. ನಿನಗ ಓಟ ಅಂದ್ರ ಚ್ಯಾಷ್ಟಿ. ಅರವತ್ತು ವರ್ಷದಾಗ ನಾ ಎರಡೇ ಸಲ ಓಡೀನ್ರಿ ಅಯ್ನೋರ, ಒಮ್ಮೆ ನಾಯಿ ಬೆನ್ನ ಹತ್ತಿದಾಗ, ಒಮ್ಮೆ ಸಾಹುಕಾರ ಬೆನ್ನ ಹತ್ತಿದಾಗ ಅಂತಿದ್ದಿ. ಕಲ್ಲಿನ ಕಾರ್ಖಾನಿಯಾಗ ನಾ ನೆಳ್ಳಾಗ ಕುಂತು ಲಾರಿ ಚಲಾನು ಬರೆದೆ, ನೀ ಗರಗಸದ ಮಿಷಿನ್ ಮುಂದ ನಿಂತು ಪರಸಿ ಕಲ್ಲು ಕೊಯ್ದಿ. ಆ ಧೂಳು ನಿನ್ನ ಎದಿಯಾಗ ಕುಂತದ. ಅಂಥವನನ್ನ ಓಡಿಸಲಿಕ್ಕ ಹೊರಟವನು ನಾ.

ಆದ್ರ ಮೊದಲು ನನ್ನ ಮನಿಯಿಂದ ಎಬ್ಬಿಸಿ ಹೊರಗ ತಂದವನು ನೀ. ದವಾಖಾನಿಯಾಗ ನೀಲಾಬಾಯಿ ನಿನಗೇ ಹೇಳಿದ್ಲು, ವಿಠೋಬಣ್ಣಾ, ಇವ್ರು ಹಾಸಿಗಿ ಹಿಡಿದು ಮಕ್ಕೋತಾರ, ಬಿಡಬ್ಯಾಡ ಅಂತ. ನಾ ಗಂಡ, ಬಾಜೂಕೇ ನಿಂತಿದ್ದೆ, ನನಗ ಹೇಳಲಿಲ್ಲ. ಆಕೀ ಹೋದ ಹದಿನೈದನೇ ದಿನದಿಂದ ನೀ ಮುಂಜಾನೆ ಐದೂವರೆಗೆ ಬಂದು ಗೇಟು ಬಡಿಲಿಕ್ಕ ಹತ್ತಿದಿ. ಬಾಗಲಾ ತಗೀಲಿಲ್ಲಂದ್ರ, ಅಯ್ನೋರ, ಹಾಲಿನವಾ ಬಂದಾನ್ರಿ ಅಂತ ಹಾಲಿನವನ ದನಿ ತಗದು ಕೂಗ್ತಿದ್ದಿ. ಮೊದಮೊದಲು ಸ್ಟೇಷನ್ ತನಕ ನಡಿಗಿ. ಆಮ್ಯಾಲೆ ನನಗ ಹಳೇ ಹುಚ್ಚು ಕೆದರಿ, ನಡುನಡುವ ಓಡಲಿಕ್ಕ ಹತ್ತಿದೆ, ನೀ ಬೈಕೋತ ಹಿಂದ ಬಂದಿ. ಇಬ್ಬರಿಗೂ ಅಳತಿ ಬರೋ ಹಂಗ ಒಂದು ಕಾಯಿದಾ ಮಾಡಿದ್ವಿ: ಕರೆಂಟಿನ ಮೂರು ಕಂಬ ಓಡೋದು, ಒಂದು ಕಂಬ ನಡೆಯೋದು. ಓಡೋವಾಗ ಮಾತಿಲ್ಲ, ನಡೆಯೋವಾಗ ಏನು ಬೇಕಾದ್ರೂ ಮಾತಾಡಬಹುದು.

ಸೇಡಂ ಕಾಲೇಜಿನವರು ಮೂರು ಕಿಲೋಮೀಟರು ಓಟ ಇಟ್ಟಾರ, ಯಾವ ವಯಸ್ಸಿನವರೂ ಬರಬಹುದು ಅಂತ ಲುಂಬಿನಿ ಇಬ್ಬರ ಹೆಸರೂ ಹಚ್ಚಿಸಿದ್ಲು. ನಿನಗ ಬೂಟು ತಂದ್ಲು, ಕೆಂಪನೇವು. ವಾಡಿ ಸ್ಟೇಷನ್ನಿನಾಗ ಗಾಡಿ ಕಾಯೋವಾಗ ಮಂದಿ ನಿನ್ನ ಕಾಲು ನೋಡ್ತಿದ್ರ ನೀ ಧೋತರದಾಗ ಮುಚ್ಚಿಕೊಂಡು ಕುಂತಿದ್ದಿ. ನಾ ಅವತ್ತು ಗಾಡಿಯಾಗ ಚಿತ್ತಾಪುರ ದಾಟೋ ತನಕ ನಿನಗ ಪೇಸ್, ಸ್ಟಾಮಿನಾ ಅಂತ ಭಾಷಣ ಮಾಡಿದೆ. ಕಡೀಗೆ ಒಂದು ಮಾತು ಕೊಟ್ಟೆ. ವಿಠೋಬಾ, ನಾ ನಿನ್ನ ಬಿಟ್ಟು ಒಂದು ಹೆಜ್ಜಿ ಮುಂದ ಹೋಗಂಗಿಲ್ಲ, ಇಬ್ಬರೂ ಕೂಡೇ ಮುಟ್ಟೋಣು. ನೀ ನಕ್ಕಿ. ನೋಡೋಣ್ರಿ ಅಂದಿ.

ಕಾಲೇಜಿನ ಗೇಟಿನಿಂದ ಹೊರಟಾಗ ನಮ್ಮ ಹಿಂದ ಯಾರೂ ಇರಲಿಲ್ಲ. ಹುಡುಗರು, ಸೀರಿ ಎತ್ತಿ ಕಟ್ಟಿದ ಟೀಚರಮ್ಮಗೋಳು, ಎಲ್ಲರೂ ಭರ್ರಂತ ಹೋದ್ರು. ತಿರುಗೋ ಜಾಗಾದಾಗ ನೀರು ಕೊಡ್ಲಿಕತ್ತಿದ್ದ ತಾಜುನ್ನಿಸಾ ಮೇಡಂ, ಬರ್ರಿ ಕಾಕಾ ಬರ್ರಿ, ನಿಮ್ಮ ಸಲುವಾಗೇ ಎರಡು ಗ್ಲಾಸು ಮುಚ್ಚಿಟ್ಟೀನಿ ಅಂದ್ಲು. ನೀ ಹೆಂಗ ಉತ್ತರ ಕೊಟ್ಟಿ! ಫಸ್ಟ್ ಬಂದವ್ರು ಮುಟ್ಟ್ಯಾರೇನ್ರಿ ಮೇಡಂ, ಇಲ್ಲಂದ್ರ ನಾವು ಇಲ್ಲೇ ಕಾಯ್ತೀವಿ ಅಂದಿ. ಆಕೀಗೆ ನಗಿ ತಡೀಲಿಲ್ಲ. ನಿನ್ನ ಎದಿ ಸೀಟಿ ಹೊಡೀಲಿಕತ್ತಿತ್ತು, ಆದ್ರ ಮಾರಿ ಮ್ಯಾಲೆ ಅಂಥಾ ಖುಷಿ ನಾ ಎಂದೂ ನೋಡಿರಲಿಲ್ಲ.

ಖರೇ ಹೇಳ್ತೀನಿ, ಆಗಲೇ ನನ್ನ ಒಳಗ ಸ್ವಲ್ಪ ಸಿಟ್ಟಿತ್ತು. ಕಾಲಾಗ ದಮ್ಮಿದ್ದೂ ನಿನ್ನ ಸಲುವಾಗಿ ಹಿಂದ ಉಳಿಬೇಕಾಯ್ತಲ್ಲ ಅಂತ. ಇಷ್ಟು ಸಣ್ಣ ಮನಸ್ಸು.

ಹೊಳ್ಳಿ ಬರೋವಾಗ, ಇನ್ನ ಅರ್ಧ ಕಿಲೋಮೀಟರು ಇದ್ದಾಗ, ನಡೆಯೋ ಕಂಬ ಬಂತು. ನೀ ರಸ್ತಾ ನೋಡಿಕೋತ ಕೇಳಿದಿ, ಅಯ್ನೋರ, ಅವತ್ತು ನನ್ನ ನೋಡಿದ್ರಿಲ್ಲ?

ಯಾವತ್ತೋ ಅಂದೆ. ಯಾವತ್ತು ಅಂತ ನನಗ ಗೊತ್ತಿತ್ತು.

ಅಕ್ಕೋರಿಗೆ ಮಣ್ಣು ಕೊಟ್ಟ ದಿನ ಅಂದಿ.

ಗದ್ದಲ ಭಾಳಿತ್ತು ವಿಠೋಬಾ, ಕಣ್ಣಾಗ ನೀರಿದ್ವು, ಯಾರನ್ನೂ ನೋಡಲಿಲ್ಲ ನಾ ಅಂದೆ. ಅಷ್ಟೊತ್ತಿಗೆ ಓಡೋ ಕಂಬ ಬಂತು, ನಾ ಓಡಿದೆ. ನೀ ಓಡಲಿಲ್ಲ. ಎರಡನೇ ಕಂಬಕ್ಕ ಹೊಳ್ಳಿ ನೋಡಿದೆ. ರಸ್ತಾದ ಬಾಜೂಕ ಕೈ ಇಳಿಬಿಟ್ಟು ನಿಂತಿದ್ದಿ, ನನ್ನೇ ನೋಡ್ಲಿಕತ್ತಿದ್ದಿ. ದಮ್ಮು ಹತ್ತ್ಯದ, ಬರ್ತಾನ ಅಂತ ನನಗ ನಾನೇ ಹೇಳಿಕೊಂಡೆ. ಹೊಳ್ಳಿ ಬಂದ್ರ ಮತ್ತ ಅದೇ ಕೇಳ್ತಿದ್ದಿ. ಆಮ್ಯಾಲೆ ಕಂಬ ಎಣಿಸಲಿಲ್ಲ, ಹತ್ತೊಂಬತ್ತು ವರ್ಷದವನ ಹಂಗ ಓಡಿದೆ. ಮುಂದ ಹೊಂಟಿದ್ದ ನಾಕೈದು ಮಂದಿನ್ನ ಹಿಂದ ಹಾಕಿದೆ. ಮಂದಿ ಚಪ್ಪಾಳಿ ಹೊಡೆದ್ರು, ಕೊರಳಾಗ ಮೆಡಲ್ ಹಾಕಿದ್ರು. ಹೇಳಲಿಕ್ಕ ನಾಚಿಕಿ, ಒಂದು ನಿಮಿಷ ಭಾಳ ಛಲೋ ಅನಿಸ್ತು.

ಹಗ್ಗ ಸುತ್ತಲಿಕ್ಕ ಹತ್ತಿದ್ರು. ತಡೀರಿ, ಇನ್ನೊಬ್ರು ಕಾಕಾ ಬರ್ಲಿಕತ್ತಾರ ಅಂತ ಮೈಕಿನಾಗ ಕೂಗಿದ್ರು. ನೀ ನಡಕೊಂಡು ಬಂದಿ, ಕೆಂಪು ಬೂಟು ಬಿಚ್ಚಿ ಕೈಯಾಗ ಹಿಡಿದು. ನಾ ಉಪ್ಪಿಟ್ಟಿನ ಪ್ಲೇಟು ಮುಂದ ಹಿಡಿದೆ. ನೀವು ತಿನ್ರಿ ಅಯ್ನೋರ, ನನಗ ಚಿಂಚೋಳಿ ಬಸ್ಸದ ಅಂದಿ. ಅಷ್ಟೇ. ವಾಡಿ ಗಾಡಿಗೆ ನಾ ಒಬ್ಬನೇ ಬಂದೆ.

ಈಗ ಕೇಳು. ನೀ ಕೇಳಿದ್ದಕ್ಕ ಉತ್ತರ ಇದು: ನೋಡಿದ್ದೆ.

ಕಲಬುರಗಿ ದವಾಖಾನಿಯಿಂದ ನಮ್ಮೂರು ಗುಂಡಗುರ್ತಿ ತನಕ ಅಂಬುಲೆನ್ಸಿನಾಗ ಆಕೀ ತಲಿ ಅಲ್ಲಾಡಬಾರದು ಅಂತ ಎರಡೂ ಕೈಲೆ ಹಿಡಕೊಂಡು ಬಂದವನು ನೀ. ನಾ ಮುಂದಿನ ಸೀಟಿನಾಗ ಕುಂತಿದ್ದೆ. ಆಕೀಗೆ ರಕ್ತ ಬೇಕಾದಾಗ ನನ್ನ ಬಳಗದಾಗ ಒಬ್ಬೊಬ್ಬರಿಗೂ ಒಂದೊಂದು ಜಡ್ಡು ನೆನಪಾತು, ಮಲಗಿ ತೋಳು ಚಾಚಿದವನು ನೀ. ನಮ್ಮ ಮನಿಗೆ ನೀ ಬರಲಿಕ್ಕ ಹತ್ತಿದ ಹೊಸತರಾಗ ನಿನ್ನ ಚಹಾದ ಕಪ್ಪು ಬ್ಯಾರೆ ಇರ್ತಿತ್ತು, ಕಟ್ಟಿ ಮ್ಯಾಲೆ. ನಾ ಇಟ್ಟದ್ದು. ನೀಲಾಬಾಯಿ ಅದನ್ನ ಒಂದಿನ ಒಳಗ ಒಯ್ದು, ಅಂಥವೇ ಆರು ಕಪ್ಪು ತರಿಸಿ, ಎಲ್ಲಾ ಕೂಡಿಸಿ ಇಟ್ಟುಬಿಟ್ಲು. ಯಾವುದು ಯಾರದು ಅಂತ ನನಗ ಗೊತ್ತಾಗದ ಹಂಗ. ನಾ ಏನೂ ಅನ್ನಲಿಲ್ಲ. ನಾ ಏನೂ ಅನ್ನದೇ ಇರೋದರಾಗೇ ಮುದುಕ ಆದೆ ನೋಡು.

ಅವತ್ತು ಹೊಲದಾಗ ಆಕೀನ್ನ ಕುಣಿಯಾಗ ಕುಂದ್ರಿಸಿದ ಮ್ಯಾಲೆ ತಮ್ಮವರು ಅನ್ನೋರೆಲ್ಲಾ ಒಂದೊಂದು ಹಿಡಿ ಮಣ್ಣು ಹಾಕಿದ್ರು. ಹೆಸರು ಹಿಡಿದು ಕರೀತಿದ್ರು, ಹಾಕ್ತಿದ್ರು. ಹಿಡಿ ಮಣ್ಣು ಹಾಕಿದವನು ಮನಿಯವನು. ನಿನಗ ಅದು ಗೊತ್ತಿತ್ತು. ನೀ ಬೋರಿನ ಪೈಪಿನ ಹತ್ತಿರ ನಿಂತಿದ್ದಿ, ದೂರ. ಆಗಲೇ ಒಂದು ಹಿಡಿ ಎರಿ ಮಣ್ಣು ತಗೊಂಡು ಮುಷ್ಟಿಯಾಗ ಹಿಡಿದಿದ್ದಿ, ಕರೀತಾರ ಅಂತ. ನಿನ್ನ ಮುಷ್ಟಿ ನೋಡಿದೆ. ನಿನ್ನ ಕಣ್ಣೂ ನೋಡಿದೆ. ನಾ ಕರೀಲಿಲ್ಲ.

ಅಣ್ಣ ಸಿದ್ದಲಿಂಗೇಶ ಬಾಜೂಕ ನಿಂತಿದ್ದ. ಊರಾಗ ಅವನ ಮಾತು ನಡೀತದ. ಸಾವಿನ ಹೊತ್ತಿನಾಗ ಅವನಿಗೆ ಏನು ಎದುರಾಡೋದು ಅಂತ ನನ್ನ ಬಾಯಿ ಕಟ್ಟಿತು. ಅವನು ಮುಚ್ಚರಿ ಅಂದ, ಸಲಿಕಿ ಹಚ್ಚಿದ್ರು. ಮತ್ತ ಆ ಕಡೆ ನೋಡಿದಾಗ ನೀ ಇರಲಿಲ್ಲ.

ಹದಿನೈದು ದಿನ ಬಿಟ್ಟು ನೀ ಬಂದು ಗೇಟು ಬಡಿದಿ. ಇವನು ಮರೆತಾನ ಅಂತ ತಿಳಕೊಂಡೆ. ನೀ ಆಕೀ ಮಾತು ನಡಿಸಲಿಕ್ಕ ಬರ್ತಿದ್ದಿ, ನನ್ನ ಸಲುವಾಗಿ ಅಲ್ಲ. ಹನ್ನೊಂದು ತಿಂಗಳು ದಿನಾ ನಡೆಯೋ ಕಂಬ ಬಂದಾಗೊಮ್ಮೆ ನಾ ಹೇಳಬಹುದಿತ್ತು. ಹೇಳಲಿಲ್ಲಂತ ಕಡೀಗೆ ನೀನೇ ಕೇಳಿದಿ. ಆಗೂ ಸುಳ್ಳು ಹೇಳಿದೆ.

ಬರೋ ತಿಂಗಳು ಹನ್ನೊಂದಕ್ಕ ವರ್ಷ ಆಗ್ತದ. ಅವತ್ತೇ ಆಕೀ ಮ್ಯಾಲೆ ಪರಸಿ ಹಾಸಬೇಕಂತ ಮನಿಯವರು ಮಾತಾಡ್ಯಾರ. ಈಗ ಬರೇ ಮಣ್ಣದ. ಕಲ್ಲು ಬಿದ್ದ ಮ್ಯಾಲೆ ಮಣ್ಣು ಹಾಕಲಿಕ್ಕ ಬರಂಗಿಲ್ಲ. ಹತ್ತನೇ ತಾರೀಖಿಗೆ ನಾ ಗುಂಡಗುರ್ತಿಯಾಗ ಇರ್ತೀನಿ. ನೀ ಬಂದ್ರ ಬಸ್ ಸ್ಟ್ಯಾಂಡಿನಿಂದ ನಾನೇ ಕರಕೊಂಡು ಹೋಗ್ತೀನಿ, ಹೊಲದ ಒಡ್ಡಿನ ಮ್ಯಾಲಿಂದ ಅಲ್ಲ, ಊರ ನಡುವಿನ ರಸ್ತಾದಿಂದ. ಎಲ್ಲರ ಮುಂದ ಹೆಸರು ಹಿಡಿದು ಕರೀತೀನಿ. ಯಾರು ಏನಂದ್ರೂ ಅನ್ನಲಿ. ಇದರಿಂದ ಅವತ್ತಿಂದು ಸರಿ ಆಗ್ತದ ಅಂತ ನಾ ಹೇಳಂಗಿಲ್ಲ. ಆಗಂಗಿಲ್ಲ. ಆದ್ರೂ ಆಕೀಗೆ ನಿನ್ನ ಕೈ ಮಣ್ಣು ಬೀಳಲಾರದೆ ಕಲ್ಲು ಬೀಳಬಾರದು.

ಮುಂಜಾನೆ ಐದೂವರೆಗೆ ಈಗ ಯಾರೂ ಗೇಟು ಬಡಿಯಂಗಿಲ್ಲ. ನಾ ಎಚ್ಚರೇ ಇರ್ತೀನಿ. ಎದ್ದು ಹೊರಗ ಹೋಗಬೇಕು ಅನಸಂಗಿಲ್ಲ. ಆಕೀ ಹೇಳಿದ ಹಂಗೇ ಆಗೇದ.

ಎದಿ ಜ್ವಾಕಿ. ಲುಂಬಿನಿ ಕೊಟ್ಟ ಗುಳಿಗಿ ಬಿಡಬ್ಯಾಡ.

ನಿನ್ನ,
ಗುರುಲಿಂಗಯ್ಯ

ತಾ.ಕ.: ಲಕೋಟಿ ಅಂಟಿಸಿ, ಅಂಚೆ ಕಚೇರಿ ಮೆಟ್ಟಲ ತನಕ ಹೋಗಿ, ಹೊಳ್ಳಿ ಬಂದು ಹರಿದೆ. ಮ್ಯಾಲೆ ಅಣ್ಣನ ಬಗ್ಗೆ ಬರೆದದ್ದು ಸುಳ್ಳದ. ಅದನ್ನ ಹೊಡೆದು ಹಾಕಿಲ್ಲ, ಹಂಗೇ ಬಿಟ್ಟೀನಿ. ಕ್ಷಮೆ ಕೇಳೋ ಕಾಗದದಾಗೂ ನಾ ಏನು ಮಾಡಿದೆ ಅನ್ನೋದು ನಿನಗ ಗೊತ್ತಿರಲಿ. ಅಣ್ಣ ಅವತ್ತು ಮುಚ್ಚರಿ ಅಂದಿರಲಿಲ್ಲ. ನಿನ್ನ ಕಡೆ ಕೈ ಮಾಡಿ ನನ್ನ ಕಿವಿಯಾಗ ಕೇಳಿದ್ದ, ಗುರು, ಆ ಪೈಪಿನ ಹತ್ತಿರ ನಿಂತಾನಲ್ಲ, ನಿನ್ನ ವಿಠೋಬಾ, ಮಣ್ಣು ಹಿಡಕೊಂಡಾನ ನೋಡು, ಕರೀಲೇನು ಅಂತ. ಬ್ಯಾಡ ಅಂದವನು ನಾ. ಹೊತ್ತಾಗಲಿಕತ್ತದ, ಮುಚ್ಚರಿ ಅಂದೆ. ಹೊತ್ತೇನೂ ಆಗಿರಲಿಲ್ಲ ವಿಠೋಬಾ. ಬಿಸಿಲು ಇನ್ನೂ ನೆತ್ತಿ ಮ್ಯಾಲಿತ್ತು.