ಹೇಳಿದರೆ ಗುಣ ಹೋಗುವ ಔಷಧ

ತೇಲೂರು, ಕೃಷ್ಣೆಯ ಹಿನ್ನೀರು.
ನಿಮ್ಮ ಪರಾಭವ ಸಂವತ್ಸರದಿಂದ ಮೂರು ಸುತ್ತು ಆಚೆಯ ಪರಾಭವ, ಶ್ರಾವಣ, ಬಿಡುವಾರ.

ನನ್ನ ಹಿರೀಕರಿಗೆ ಶಾವಂತ್ರೆವ್ವನ ಶರಣು.

ನೀವು ವಯಸ್ಸಿನಲ್ಲಿ ನನಗಿಂತ ಚಿಕ್ಕವರಿರಬಹುದು, ಆದರೂ ಹಿರೀಕರೇ. ಇದು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳ ಕನ್ನಡ. ತಿಳಿಯದ ಶಬ್ದ ಬಂದರೆ ಅನ್ನದಲ್ಲಿ ಕಲ್ಲು ಸಿಕ್ಕಿತೆಂದು ಬದಿಗಿಟ್ಟು ಮುಂದೆ ಹೋಗಿರಿ. ಬಿಡುವಾರವೆಂದರೆ ವಾರದ ಎಂಟನೆಯ ದಿನ, ಯಾರೂ ದುಡಿಯಬಾರದೆಂದು ಸರ್ಕಾರ ಸೇರಿಸಿದ್ದು. ಆ ದಿನ ರೊಟ್ಟಿ ಬಡಿಯುವವರು ಯಾರೆಂದು ಸರ್ಕಾರ ಕೇಳಲಿಲ್ಲ.

ನಮ್ಮ ಊರು ನೀರಿನ ಮೇಲಿದೆ. ಜೋಳವನ್ನು ತೆಪ್ಪದ ಮೇಲೆ ಬೆಳೆಯುತ್ತೇವೆ. ಗಾಳಿ ಜೋರಾದರೆ ನನ್ನ ಹೊಲ ಹಗ್ಗ ಬಿಚ್ಚಿಕೊಂಡು ಇನ್ನೊಬ್ಬರ ಬಾಗಿಲಿಗೆ ಹೋಗಿ ನಿಲ್ಲುತ್ತದೆ, ಮುಂದಿನದು ನಿಮ್ಮ ಕಾಲದ್ದೇ ಜಗಳ. ಮನುಷ್ಯನ ಮೈಯೊಳಗಿನದನ್ನು ತೋರಿಸುವ ನೆರಳುಗನ್ನಡಿ ಓಣಿಗೊಂದು ಇದೆ. ಇಷ್ಟಿದ್ದರೂ ಕಣ್ಣು ಹಳದಿಯಾದರೆ ಜನ ಕಾಮಾಲೆಯೆಂದು ಓಡುವುದು ಔಷಧ ಕೊಡುವ ಹೂವಪ್ಪನ ಮನೆಗೆ. ಬರಿಗಾಲಲ್ಲಿ ಹೋಗಬೇಕು. ಕುಡಿದದ್ದನ್ನು ಯಾರಿಗೂ ಹೇಳಬಾರದು, ಹೇಳಿದರೆ ಔಷಧದ ಗುಣ ಹೋಗುತ್ತದೆ. ಈ ಮಾತು ನಿಮ್ಮಿಂದಲೇ ನಮಗೆ ಬಂದದ್ದು.

ನನ್ನ ಸೊಸೆ ಕಸ್ತೂರಿಯ ಕಣ್ಣು ಹಳದಿಯಾದವು. ಜ್ವರ, ಸೀರೆ ಹಿಂಡುವಷ್ಟು ಬೆವರು, ಮೈ ಇಳಿದು ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ನೆರಳುಗನ್ನಡಿಯಲ್ಲಿ ಲಿವರ್ ಊದಿ ಗಂಟುಗಂಟಾಗಿ ಕಂಡಿತು. ಆದರೆ ಯಾವ ಗಂಟು ಎಂಬುದನ್ನು ಕನ್ನಡಿ ಹೇಳಲಾರದು. ಗೋಡೆಗಳು ಮಾತಾಡುವ ಈ ಕಾಲದಲ್ಲೂ ಲಿವರನ್ನು ಸೂಜಿ ಹಾಕಿಯೇ ಮಾತಾಡಿಸಬೇಕು. ನಮ್ಮ ಆಸ್ಪತ್ರೆಯ ಮುಜಾವರ ಡಾಕ್ಟರ್ ಬಾಯಿಯವರು ದಾರಸೂಜಿಗೆ ದಿನ ಕೊಟ್ಟರು. ನಿಮ್ಮ ಬಯಾಪ್ಸಿಯೇ ಅದು, ಶಾವಿಗೆ ಎಳೆಯಷ್ಟು ಲಿವರ್ ತೆಗೆಯುತ್ತಾರೆ. ಆ ದಿನ ಬರುವಷ್ಟರಲ್ಲಿ ಕಸ್ತೂರಿಯ ಜ್ವರ ಬಿಟ್ಟಿತ್ತು, ರೊಟ್ಟಿ ಕೇಳಿ ಉಂಡಿದ್ದಳು. ನಾವು ಹಿಗ್ಗಿದೆವು. ಎಳೆಯಲ್ಲಿ ಸತ್ತ ಕಣಗಳ ಹೊರತು ಏನೂ ಸಿಗಲಿಲ್ಲ.

ಏನಾದರೂ ನುಂಗಿದ್ದೀಯಾ ಎಂದು ಡಾಕ್ಟರ್ ಬಾಯಿ ಕೇಳಿದರು. ಕಸ್ತೂರಿ ಸೆರಗು ಕಚ್ಚಿ ಕೂತಳು. ಅವಳು ಒಂದು ದಿನ ಚಪ್ಪಲಿ ಬಿಟ್ಟು ಹೊರಗೆ ಹೋದದ್ದು ಆಗ ನನ್ನ ತಲೆಗೆ ಹೊಳೆಯಿತು.

“ಹೂವಪ್ಪನ ಪುಡಿ ಕುಡದಿ ಹೌದಿಲ್ಲೋ?” ಎಂದೆ.

“ಹೇಳಿದ್ರ ಗುಣ ಹೋಗತೈತಿ ಅತ್ತಿ.”

“ಗುಣ ಹೋದ್ರ ಹೋಗ್ಲಿ. ನೀ ಹೋಗಬ್ಯಾಡ.”

ಪುಡಿ ತರಿಸಿ ಪರೀಕ್ಷಿಸಿದಾಗ ತಿಳಿಯಿತು, ಹೂವಪ್ಪ ಬೇರಿನ ಜೊತೆ ಸ್ಟಿರಾಯ್ಡ್ ಗುಳಿಗೆ ಅರೆಯುತ್ತಿದ್ದ. ಅದು ಈ ಗಂಟನ್ನು ಕೆಲವು ದಿನ ಕರಗಿಸಿ ಅಡಗಿಸುತ್ತದೆ, ಪೊಲೀಸರು ಬರುವ ಹೊತ್ತಿಗೆ ಕಳ್ಳನನ್ನು ಹಿತ್ತಲಿಂದ ದಾಟಿಸಿದ ಹಾಗೆ. ಡಾಕ್ಟರ್ ಬಾಯಿ ಪುಡಿ ಬಿಡಿಸಿದರು. ಜ್ವರ ಮರಳಿ ಬಂತು, ಗಂಟೂ ಬಂತು. ಹೂವಪ್ಪ ಕಟ್ಟೆಯ ಮೇಲೆ ಕೂತು, ಹೇಳಿದ್ದಕ್ಕೇ ಗುಣ ಹೋಯಿತು ನೋಡ್ರಿ ಎಂದ. ಅವನ ಬಾಯಿಂದ ಬಂದ ಒಂದೇ ಖರೆ ಮಾತು ಅದು. ಗುಣ ಹೋದದ್ದಕ್ಕೇ ಎರಡನೇ ಸೂಜಿಗೆ ಕಳ್ಳ ಸಿಕ್ಕ.

ಲಿವರಿಗೆ ಬರೀ ಸೋಂಕು ತಗುಲಿದಾಗಲೂ ಮೈ ಕಾಯುವ ಬಿಳಿ ಕಣಗಳು ಅಲ್ಲಿ ಗುಂಪುಗೂಡುತ್ತವೆ. ಆ ಗುಂಪು ಮದುವೆಗೆ ಬಂದ ನೆಂಟರಂತೆ, ಹತ್ತು ಮನೆಯ ಹತ್ತು ಮುಖ. ಬಣ್ಣ ಹಾಕಿ ನೋಡಿದರೆ ಕಸ್ತೂರಿಯ ಲಿವರಿನಲ್ಲಿದ್ದವೆಲ್ಲ ಒಂದೇ ತಾಯಿಯ ಮಕ್ಕಳು. ಒಂದು ಕಾವಲು ಕಣ ಕೆಟ್ಟು ತನ್ನಂಥವನ್ನೇ ಹೆತ್ತು ಮನೆ ತುಂಬಿತ್ತು. ನೀವು ಲಿಂಫೋಮಾ ಎನ್ನುವುದು ಇದಕ್ಕೇ, ಹೆಸರು ನಮ್ಮಲ್ಲೂ ಬದಲಾಗಿಲ್ಲ. ಬಹಳ ಸಲ ಅದು ಬೇರೆಲ್ಲೋ ಹುಟ್ಟಿ ಲಿವರಿಗೆ ಬಂದು ಬೀಡು ಬಿಡುತ್ತದೆಯಂತೆ. ಇವಳಿಗೂ ಹೊಟ್ಟೆಯೊಳಗೆ ಆ ಬಿಳಿ ಕಣಗಳು ತಂಗುವ ದುಗ್ಧಗ್ರಂಥಿಯಿಂದ ಬಂದಿತ್ತು. ಕುಲ ತಿಳಿದ ಮೇಲೆಯೇ ತಕ್ಕ ಔಷಧ ಕೊಟ್ಟರು. ಕೂದಲು ಉದುರಿ ಮತ್ತೆ ಬಂತು. ಈಗ ನನ್ನ ಮಾತಿಗೆ ಎದುರು ಮಾತು ಕೊಡುತ್ತಾಳೆ, ಅದೇ ನನಗೆ ಗುಣದ ಗುರುತು.

ಹಿರೀಕರೇ, ನಮಗೆ ಬಂಗಾರ ಬೇಡ, ಭೂಮಿಯನ್ನಂತೂ ಮುಳುಗಿಸಿಯೇ ಕೊಟ್ಟಿದ್ದೀರಿ. ಹೇಳಬಾರದು ಎಂಬ ಆ ಮಾತನ್ನು ಮಾತ್ರ ಮಕ್ಕಳಿಗೆ ಕಲಿಸಬೇಡಿರಿ. ನುಂಗಿದ್ದನ್ನು ಸೂಜಿ ಹಾಕುವವರಿಗೆ ಮೊದಲೇ ಹೇಳಿರಿ. ಹೇಳಿದರೆ ಹೋಗುವ ಗುಣ ಎಂಥ ಗುಣ?

ಇಲ್ಲಿಗೆ ನಿಲ್ಲಿಸುತ್ತೇನೆ. ಗಾಳಿಗೆ ನನ್ನ ಹೊಲ ಹೂವಪ್ಪನ ಬಾಗಿಲಿಗೇ ಹೋಗಿ ನಿಂತಿದೆಯಂತೆ. ಕಸ್ತೂರಿ ಎಳೆದು ತರಲು ಹೊರಟಿದ್ದಾಳೆ, ಚಪ್ಪಲಿ ಮೆಟ್ಟಿಕೊಂಡು.