ಹಡಗು ಹೊರಟ ದಿನ ಒಗೆದ ಬಟ್ಟೆ

ಡೆವನ್‌ಪೋರ್ಟ್
ಭಾನುವಾರ, 9 ಮಾರ್ಚ್ 1902

ಅತ್ತೆಯವರಿಗೆ,

ನೀವು ನನ್ನನ್ನು ಸೊಸೆ ಎನ್ನುವುದನ್ನು ಬಿಟ್ಟಿದ್ದೀರಿ. ಆದರೂ ನಾನು ನಿಮ್ಮ ಸೊಸೆಯೇ, ಆ ಸಲಿಗೆಯಿಂದಲೇ ಬರೆಯುತ್ತಿದ್ದೇನೆ. ಓದದೆ ಒಲೆಗೆ ಹಾಕಬೇಡಿ.

ಹೌದು, ‘ಮಾರ್ಟ್ಲೆಟ್’ ಹೊರಟ ಬೆಳಿಗ್ಗೆ ನಾನು ಬಟ್ಟೆ ಒಗೆದೆ. ಗಂಡ ಹಡಗು ಹತ್ತಿದ ದಿನ ಹೆಂಡತಿ ಬಟ್ಟೆ ನೀರಿಗೆ ಹಾಕಿದರೆ ಅವನನ್ನೂ ನೀರಿಗೆ ಹಾಕಿದಂತೆ ಎನ್ನುವುದು ನಮ್ಮ ಬೀದಿಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಗೊತ್ತಿದ್ದೇ ಒಗೆದೆ. ನಿಮ್ಮ ಮಗ ಜೇಗೊ ಬಿಟ್ಟುಹೋದ ಬಟ್ಟೆಗಂಟು ಉಪ್ಪುನೀರಲ್ಲಿ ನೆನೆದು ನಾರುತ್ತಿತ್ತು. ಡಿಸ್ಟ್ರಾಯರ್ ಎನ್ನುವ ಆ ಹೊಸ ಯುದ್ಧದ ಹಡಗಿನಲ್ಲಿ ಅವನು ಮಲಗುವ ಜಾಗಕ್ಕೇ ತಗಡಿನ ಸಂದಿಯಿಂದ ಸಮುದ್ರ ಸೋರುತ್ತಿತ್ತಂತೆ.

ಚಾಪೆಲ್ ಬಾಗಿಲಲ್ಲಿ ನೀವು ಎಲ್ಲರಿಗೂ ಕೇಳುವಂತೆ, “ನನ್ ಮಗನ್ನ ಸೋಪು ಹಾಕಿ ತೊಳೆದುಬಿಟ್ಲು ಕಣ್ರೇ ಈ ಮಹಾತಾಯಿ” ಅಂದಿರಿ. ಅವತ್ತು ತಲೆ ತಗ್ಗಿಸಿ ಬಂದೆ. ಇನ್ನು ತಗ್ಗಿಸುವುದಿಲ್ಲ. ನನ್ನ ಒಂದು ಬಕೆಟ್ ನೀರಿಗೆ ಉಕ್ಕಿನ ಹಡಗನ್ನು ಎರಡು ತುಂಡು ಮಾಡುವ ಶಕ್ತಿ ಇದ್ದಿದ್ದರೆ, ನೌಕಾಪಡೆಯವರು ಹಡಗು ಕಟ್ಟುವ ಬದಲು ನನ್ನನ್ನೇ ಫ್ರೆಂಚರ ಮೇಲೆ ಬಿಡಬಹುದಿತ್ತು.

ಕೊನೆಯ ಭಾನುವಾರ ನಿಮ್ಮ ಮನೆಯಲ್ಲೇ ಊಟ ಮಾಡಿದ್ದೆವು. ನೀವು ಅವನ ಪಾಲಿನ ಪೇಸ್ಟಿಯ, ಆ ಮಾಂಸ ತುಂಬಿದ ಕಡುಬಿನ, ಮೂಲೆಯಲ್ಲಿ ಅವನ ಹೆಸರಿನ ಅಕ್ಷರ ಕೊರೆದಿದ್ದಿರಿ. ಅವನು ಅದರ ಮೇಲ್ಪದರವನ್ನು ಬೆರಳಲ್ಲಿ ಒತ್ತಿ ಹೇಳಿದ: “ನೋಡಮ್ಮಾ, ನಮ್ ಹಡಗೂ ಹಿಂಗೇನೆ. ಅಲೆ ಬಂದ್ರೆ ಕಾಲಡಿ ಡೆಕ್ಕು ಮೇಲೆ ಕೆಳಗೆ ಆಡುತ್ತೆ. ಕಟ್ಟಿದೋರು ಓಟದ ಪರೀಕ್ಷೆ ದಿನ ತಮ್ದೇ ಆಳು ಹಾಕಿ, ಆರಿಸಿದ ಕಲ್ಲಿದ್ದಲು ಸುರಿದು, ಖಾಲಿ ಹಡಗು ಓಡಿಸಿ ಚಪ್ಪಾಳೆ ಹೊಡಿಸ್ಕೊಂಡ್ರು. ತುಂಬಿದ ಹಡಗು ತಗೊಂಡು ಹೋಗೋರು ನಾವಲ್ವಾ?”

ನೀವು “ಉಣ್ಣೋವಾಗ ಅಪಶಕುನ ಮಾತಾಡ್ಬೇಡ, ಸುಮ್ನೆ ತಿನ್ನೋ” ಎಂದು ಗದರಿದಿರಿ. ಅವನು ಪೇಸ್ಟಿ ತಿಂದು ಮುಗಿಸಿದ. ಹಡಗಿನ ಬಗ್ಗೆ ಅವನಾಡಿದ ಆ ಮಾತು ಕೇಳಿಸಿಕೊಂಡವರು ನಾವಿಬ್ಬರೇ.

ಬರುವ ಬುಧವಾರ ವಿಚಾರಣೆ, ಬಂದರಿನಲ್ಲಿ ನಿಂತ ಇನ್ನೊಂದು ಹಡಗಿನ ಮೇಲೆ. ನಮ್ಮ ನೌಕಾಪಡೆಯ ನ್ಯಾಯ ನಿಮಗೆ ಹೊಸದಲ್ಲ. ಹಡಗು ಮುಳುಗಿದರೆ ಈಜಿ ಬದುಕಿದವರನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತಾರೆ. ಜೇಗೊನ ಜೊತೆ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದ ಮೇಸ್ತ್ರಿ ಪಾಸ್ಕೊ ನಿನ್ನೆ ಬಂದಿದ್ದರು. ಕೈಗೆ ಇನ್ನೂ ಪಟ್ಟಿ ಕಟ್ಟಿದ್ದರು. “ಬಂಡೆಗೆ ಹೊಡೀತು ಅಂತ ಹೇಳಿ ಮುಗಿಸ್ತಾರೆ, ತಾಯಿ. ಹಡಗಿನ ನಡು ತಾನಾಗೇ ಮುರೀತು ಅಂತ ನಾನಂದ್ರೆ, ತಪ್ಪಿಸ್ಕೊಳ್ಳೋಕೆ ಸುಳ್ಳು ಹೇಳ್ತಾನೆ ಅಂತಾರೆ. ಜೇಗೊನ ಅಮ್ಮನೂ ನೀನೂ ಬಂದು ಅವನಂದಿದ್ದನ್ನ ಹೇಳಿ” ಎಂದರು.

ನಾನೊಬ್ಬಳೇ ಹೋದರೆ ವಿಧವೆಗೆ ತಲೆ ಕೆಟ್ಟಿದೆ ಅನ್ನುತ್ತಾರೆ. ಅದರ ಮೇಲೆ ನಿಮ್ಮ ಸೋಪಿನ ಕಥೆ ಊರೆಲ್ಲ ಓಡಾಡುತ್ತಿದೆ. ಆ ತೆಳು ತಗಡು ಹೊಡೆದವರಿಗೆ ನೀವು ಎಂಥ ಉಪಕಾರ ಮಾಡಿದ್ದೀರಿ, ಯೋಚಿಸಿ ನೋಡಿ.

ನನಗೂ ಅವನು ಬೇಕಿತ್ತು, ಅತ್ತೆ. ಹೊಟ್ಟೆ ಉರಿಯುತ್ತದೆ. ಆ ಉರಿಯನ್ನು ನಿಮ್ಮ ಮೇಲೆ ಕಾರಿಕೊಳ್ಳಬಹುದಿತ್ತು, ನೀವು ನನ್ನ ಮೇಲೆ ಕಾರಿಕೊಂಡ ಹಾಗೆ. ಆದರೆ ಅದು ಸೇರಬೇಕಾದ ಕಡೆಗೆ ಹೊತ್ತುಕೊಂಡು ಹೋಗುತ್ತೇನೆ. ನೀವು ಬಂದರೂ ಹೋಗುವವಳೇ, ಬರದಿದ್ದರೂ ಹೋಗುವವಳೇ. ವಿಚಾರಣೆಯ ಹಡಗು ಹತ್ತಲು ಬಿಡದಿದ್ದರೆ ಕೆಳಗೆ ದೋಣಿಯಲ್ಲಿ ನಿಂತು ಕೂಗುತ್ತೇನೆ. ನನ್ನ ಗಂಟಲು ಎಷ್ಟು ದೊಡ್ಡದು ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕ್ಷಮೆ ಕೇಳದ,
ನಿಮ್ಮ ಜೇಗೊನ ಹೆಂಡತಿ
ಕೆಜಿಯಾ

ತಾ.ಕ.: ಇದನ್ನು ನಿಮಗೆ ಹೇಳುವುದಿಲ್ಲವೆಂದು ಆಣೆ ಇಟ್ಟಿದ್ದೆ. ಈಗ ಮುರಿಯುತ್ತಿದ್ದೇನೆ. ‘ಮಾರ್ಟ್ಲೆಟ್’ ಕಟ್ಟಿದವರೇ ಅದೇ ನಕ್ಷೆ, ಅದೇ ತಗಡಿನಲ್ಲಿ ಇನ್ನೊಂದು ಹಡಗು ಕಟ್ಟಿದ್ದಾರೆ. ವಿಚಾರಣೆ ಮುಗಿಯುವ ತನಕ ಅದನ್ನು ಬಂದರಿನಲ್ಲಿ ತಡೆದಿದ್ದಾರೆ. ಬಂಡೆಯದೇ ತಪ್ಪು ಎಂದು ತೀರ್ಪಾದರೆ ಮರುದಿನವೇ ಹೊರಡುತ್ತದೆ. ನಿಮ್ಮ ಕಿರಿಮಗ ಪೆರಾನ್ ಪೋರ್ಟ್ಸ್‌ಮತ್ತಿನ ಬ್ಯಾರಕ್ಕಿನಲ್ಲಿ ಬೆಚ್ಚಗಿದ್ದಾನೆ ಎಂದು ನೀವು ನಂಬಿದ್ದೀರಿ. ಅವನಿರುವುದು ಆ ಹಡಗಿನಲ್ಲಿ.